ಸಂಪು ಸೋರುವುದು ಎಲ್ಲಿಂದ? ರಾಸುಗಳು ಕುಡಿಯುವ ನೀರನ್ನು ಕಾಪಾಡಿಕೊಳ್ಳುವ ಬಗೆ



ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಸದಸ್ಯೆಯೊಬ್ಬರ ಮನೆಗೆ ಒಂದೇ ತಿಂಗಳಲ್ಲಿ ಮೂರು ಸಲ ಹೋಗಬೇಕಾಯಿತು. ಮೂರು ಸಲವೂ ಕರುಗಳಿಗೆ ಭೇದಿ. ಔಷಧಿ ಕೊಟ್ಟರೆ ನಿಲ್ಲುತ್ತಿತ್ತು, ವಾರ ಕಳೆದರೆ ಮತ್ತೆ ಶುರುವಾಗುತ್ತಿತ್ತು. ಗಿಣ್ಣದ ಹಾಲು ಸರಿಯಾಗಿ ಕುಡಿಸಿದ್ದರು, ಜಂತುಹುಳದ ಔಷಧಿಯೂ ಆಗಿತ್ತು, ಕೊಟ್ಟಿಗೆ ಒಣಗಿತ್ತು. ಮೂರನೇ ಸಲ ಹೋದಾಗ ಕರುಗಳಿಗೆ ನೀರು ಎಲ್ಲಿಂದ ಕೊಡುತ್ತೀರಿ ಎಂದು ಕೇಳಿದೆ. ಕೊಟ್ಟಿಗೆಯ ಮಗ್ಗುಲಲ್ಲೇ ಇದ್ದ ನೆಲದಡಿಯ ಸಂಪನ್ನು ತೋರಿಸಿದರು. ಅದರಿಂದ ಹದಿನೈದು ಅಡಿಯಾಚೆ ಗಂಜಲದ ಗುಂಡಿ.

"ಸಂಪು ಸೋರುತ್ತದೆಯೇ?" ಎಂದೆ.

"ಬೇಸಿಗೇಲಿ ಸೋರ್ತಿತ್ತು ಡಾಕ್ಟ್ರೇ. ತುಂಬಿಸಿದ ನೀರು ಎರಡೇ ದಿನಕ್ಕೆ ಇಳಿದು ಹೋಗ್ತಿತ್ತು. ಮಳೆ ಹಿಡಿದ ಮೇಲೆ ನಿಂತಿದೆ. ತಾನಾಗೇ ಸರಿಹೋಯ್ತು ಅಂದುಕೊಂಡೆ" ಎಂದರು.

ಸಂಪು ಸರಿಹೋಗಿರಲಿಲ್ಲ. ಮಳೆಗೆ ಸುತ್ತಲಿನ ಮಣ್ಣಿನಲ್ಲೇ ನೀರು ಸಂಪಿನ ಮಟ್ಟಕ್ಕೆ ಏರಿ ನಿಂತಿತ್ತು, ಅದಕ್ಕೇ ಒಳಗಿನ ನೀರು ಹೊರಗೆ ಹೋಗುತ್ತಿರಲಿಲ್ಲ. ಮೋಟಾರು ಹಾಕಿ ಸಂಪು ಖಾಲಿ ಮಾಡಿಸಿ ಮೇಲಿನಿಂದ ಟಾರ್ಚು ಬಿಟ್ಟು ನೋಡಿದೆವು. ಗಂಜಲದ ಗುಂಡಿಯ ಕಡೆಯ ಗೋಡೆಯ ಬುಡದಲ್ಲಿ, ತಳ ಮತ್ತು ಗೋಡೆ ಕೂಡುವ ಗೆರೆಯುದ್ದಕ್ಕೂ, ಕಂದು ಬಣ್ಣದ ನೀರು ಒಳಗೆ ಜಿನುಗುತ್ತಿತ್ತು.

ಪಶುವೈದ್ಯರಿಗೆ ಸಿಮೆಂಟಿನ ಮಾತು ಏಕೆ ಎಂದು ನೀವು ಕೇಳಬಹುದು. ಆ ಮನೆಯ ಕರುಗಳ ಕಾಯಿಲೆಗೆ ಔಷಧಿ ನನ್ನ ಚೀಲದಲ್ಲಿರಲಿಲ್ಲ, ಆ ಗೆರೆಯಲ್ಲಿತ್ತು. ಆಮೇಲೆ ಸಿವಿಲ್ ಎಂಜಿನಿಯರುಗಳನ್ನೂ ಅನುಭವಿ ಮೇಸ್ತ್ರಿಗಳನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನೀರು ಹೊರಗೆ ಹೋಗುವ ದಾರಿಯೇ ಕೊಳೆ ಒಳಗೆ ಬರುವ ದಾರಿ

ಸಂಪು ಸೋರಿದರೆ ನೀರು ನಷ್ಟ, ಕರೆಂಟು ನಷ್ಟ ಎಂದಷ್ಟೇ ನಾವು ಎಣಿಸುತ್ತೇವೆ. ಆ ನಷ್ಟವೂ ಸಣ್ಣದಲ್ಲ. ಆರು ಅಡಿ ಉದ್ದ, ಆರು ಅಡಿ ಅಗಲದ ಸಂಪಿನಲ್ಲಿ ನೀರು ಒಂದು ಇಂಚು ಇಳಿದರೆ ಸುಮಾರು 85 ಲೀಟರ್ ಹೋಯಿತೆಂದು ಲೆಕ್ಕ. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು ಸಾಮಾನ್ಯವಾಗಿ 60ರಿಂದ 80 ಲೀಟರ್ ನೀರು ಕುಡಿಯುತ್ತದೆ. ಅಂದರೆ ಒಂದು ಇಂಚು ಸೋರಿಕೆ ಒಂದು ಹಸುವಿನ ಒಂದು ದಿನದ ನೀರು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನೆಲದಡಿಯ ಸಂಪಿನ ಬಿರುಕು ಎರಡೂ ಕಡೆ ತೆರೆದ ಬಾಗಿಲಿದ್ದಂತೆ. ಒಳಗಿನ ನೀರಿನ ಮಟ್ಟ ಮೇಲಿದ್ದರೆ ನೀರು ಹೊರಗೆ ಹೋಗುತ್ತದೆ. ಸಂಪು ಅರ್ಧ ಖಾಲಿಯಾಗಿ ಹೊರಗಿನ ಮಣ್ಣಿನಲ್ಲಿ ನೀರು ಮೇಲಿದ್ದರೆ ಹೊರಗಿನದು ಒಳಗೆ ಬರುತ್ತದೆ. ನಮ್ಮ ಮನೆಗಳಲ್ಲಿ ಆ ಹೊರಗಿನ ಮಣ್ಣಿನಲ್ಲಿ ಇರುವುದೇನು? ಕೊಟ್ಟಿಗೆ ತೊಳೆದ ನೀರು, ಗಂಜಲ, ತಿಪ್ಪೆಯ ಬಸಿ, ಕೆಲವು ಕಡೆ ಶೌಚಾಲಯದ ಗುಂಡಿಯ ನೀರು.

ಆ ನೀರಿನೊಡನೆ ಇ. ಕೋಲೈ, ಸಾಲ್ಮೊನೆಲ್ಲಾದಂತಹ ರೋಗಾಣುಗಳು ಬರುತ್ತವೆ. ಎಳೆಗರುಗಳಿಗೆ ಭೇದಿ ತರುವುದರಲ್ಲಿ ಇವು ಮುಂದು. ರಕ್ತಭೇದಿ ಉಂಟುಮಾಡುವ ಕಾಕ್ಸಿಡಿಯಾ ಕೂಡ ಸಗಣಿಯಿಂದಲೇ ಹರಡುತ್ತದೆ. ಇಲಿಗಳ ಮತ್ತು ಸೋಂಕಿರುವ ರಾಸುಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಹಸುಗಳಿಗೆ ಗರ್ಭಪಾತ ತರಬಲ್ಲದು. ಮನುಷ್ಯರಿಗೆ ಬಂದರೆ ಅದನ್ನೇ ಇಲಿ ಜ್ವರ ಎನ್ನುತ್ತೇವೆ. ಕೊಳೆತ ನೀರಿನಲ್ಲಿ ಕೆಚ್ಚಲು ತೊಳೆದರೆ ಕೆಚ್ಚಲು ಬಾವಿನ ರೋಗಾಣುಗಳಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಅದೇ ನೀರಿನಲ್ಲಿ ಕ್ಯಾನು, ಬಕೆಟ್ ತೊಳೆದರೆ ಹಾಲಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚಿ ಹಾಲು ಬೇಗ ಒಡೆಯುತ್ತದೆ. ನೀವು ಎಷ್ಟು ಶುಚಿಯಾಗಿ ಕರೆದರೂ ಡೇರಿಯಲ್ಲಿ ಗುಣಮಟ್ಟ ಬರದೆ ಇರುವುದಕ್ಕೆ ನೀರೂ ಒಂದು ಕಾರಣವಾಗಿರಬಹುದು.

ಭೇದಿಗೆ ಕಾರಣಗಳು ಹಲವು ಇವೆ, ಎಲ್ಲಕ್ಕೂ ಸಂಪನ್ನೇ ದೂರುವುದು ಸರಿಯಲ್ಲ. ಆದರೆ ಔಷಧಿಗೆ ನಿಂತು ಮತ್ತೆ ಮತ್ತೆ ಮರುಕಳಿಸುವ ಭೇದಿ, ಅದರಲ್ಲೂ ಮಳೆ ಹಿಡಿದ ಮೇಲೆ ಬರುವ ಭೇದಿ ಕಂಡರೆ ನೀರನ್ನು ಅನುಮಾನಿಸಲೇಬೇಕು.

ಸೋರುವುದು ಗೋಡೆಯಲ್ಲ, ಜಾಯಿಂಟು

ಸಂಪು ಸೋರಿದರೆ ನಾವು ಒಳಗೆಲ್ಲಾ ಇನ್ನೊಂದು ಸಲ ಸಿಮೆಂಟು ಬಳಿಸುತ್ತೇವೆ. ಒಂದು ವರ್ಷ ನಿಲ್ಲುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಸರಿಯಾಗಿ ಹಾಕಿದ ಕಾಂಕ್ರೀಟಿನ ಮೈಯಿಂದ ನೀರು ಸೋರುವುದು ಕಡಿಮೆ. ಒಂದು ದಿನ ಹಾಕಿದ ಕಾಂಕ್ರೀಟಿಗೆ ಇನ್ನೊಂದು ದಿನದ ಕಾಂಕ್ರೀಟ್ ಬಂದು ಸೇರುವ ಜಾಗದಿಂದಲೇ ಸೋರಿಕೆ ಹೆಚ್ಚು. ಇದನ್ನೇ ಜಾಯಿಂಟು ಎನ್ನುತ್ತಾರೆ.

ಇದು ನಿಮಗೆ ಗೊತ್ತಿಲ್ಲದ ವಿಷಯವೇನಲ್ಲ. ನೆಲ ಸಾರಿಸುವಾಗ ನೀವು ಏನು ಮಾಡುತ್ತೀರಿ? ಮೊದಲು ಗುಡಿಸಿ, ನೀರು ಚಿಮುಕಿಸಿ, ಆಮೇಲೆ ಸಗಣಿ ಬಳಿಯುತ್ತೀರಿ. ಧೂಳಿನ ಮೇಲೆ ಹಾಗೇ ಬಳಿದರೆ ಒಣಗಿದ ಮೇಲೆ ಹಪ್ಪಳದಂತೆ ಏಳುತ್ತದೆ. ಕಾಂಕ್ರೀಟಿನ ಗುಣವೂ ಇದೇ. ಹಸಿಯ ಮೇಲೆ ಹಸಿ ಬಿದ್ದರೆ ಒಂದಾಗುತ್ತದೆ. ಗಟ್ಟಿಯಾದದ್ದರ ಮೇಲೆ ಹಸಿ ಬಿದ್ದರೆ ಅಂಟಿಕೊಂಡಂತೆ ಕಾಣುತ್ತದೆ, ಒಂದಾಗಿರುವುದಿಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಒಂದು, ಕಾಂಕ್ರೀಟ್ ಹಾಕಿದ ಮೇಲೆ ತೆಳುವಾದ ಸಿಮೆಂಟ್ ಹಾಲು ಮೇಲೆ ಬಂದು ಕೆನೆಯಂತೆ ಕಟ್ಟುತ್ತದೆ. ಹಾಲಿನ ಕೆನೆ ಸತ್ವದ್ದು, ಈ ಕೆನೆ ಮಾತ್ರ ನಿಸ್ಸತ್ವ. ಉಗುರಿನಲ್ಲಿ ಕೆರೆದರೂ ಪುಡಿಯಾಗುತ್ತದೆ. ಇದನ್ನು ತೆಗೆಯದೆ ಮೇಲೆ ಗೋಡೆ ಎಬ್ಬಿಸಿದರೆ ನೀರಿಗೆ ದಾರಿ ಬಿಟ್ಟಂತೆ.

ಎರಡು, ಹೊಸ ಕಾಂಕ್ರೀಟ್ ಒಣಗುತ್ತಾ ಸ್ವಲ್ಪ ಕುಗ್ಗುತ್ತದೆ. ಹಳೆಯದು ಅಷ್ಟರಲ್ಲಿ ಸ್ವಲ್ಪ ಕುಗ್ಗಿರುತ್ತದೆ. ಎಳೆದಾಟದಲ್ಲಿ ಜಾಯಿಂಟು ಕೂದಲೆಳೆಯಷ್ಟು ಬಿಡುತ್ತದೆ.

ಮೂರು, ಭಾರ. ಆರು ಅಡಿ ನೀರು ತುಂಬಿದ ಸಂಪಿನ ತಳದಲ್ಲಿ ಒಂದು ಚದರ ಅಡಿ ಜಾಗದ ಮೇಲೆ ಸುಮಾರು 170 ಕೆ.ಜಿ. ಒತ್ತಡ ಬೀಳುತ್ತದೆ. ಮೂರು ಮೂಟೆ ಪಶು ಆಹಾರಕ್ಕಿಂತ ಹೆಚ್ಚಿನ ಭಾರ ಇದು. ತಳ ಮತ್ತು ಗೋಡೆಯ ಜಾಯಿಂಟು ಇರುವುದು ಈ ಅತಿ ಹೆಚ್ಚಿನ ಒತ್ತಡದ ಜಾಗದಲ್ಲೇ. ಬಲ ಕಡಿಮೆ, ಹೊರೆ ಹೆಚ್ಚು. ಹಾಗಾಗಿ ಮೊದಲು ಬಿಡುವುದೂ ಅದೇ.

ಮಣ್ಣು ಮುಚ್ಚಿದ ಮೇಲೆ ಹೊರಗಿನಿಂದ ಈ ಜಾಯಿಂಟನ್ನು ಮುಟ್ಟಲು ಆಗುವುದಿಲ್ಲ. ಕಟ್ಟುವ ದಿನ ಒಂದೆರಡು ಗಂಟೆ ಎಚ್ಚರ ವಹಿಸಿದರೆ ಮುಂದಿನ ಹತ್ತಾರು ವರ್ಷ ನಿಶ್ಚಿಂತೆ.

ಹೊಸ ಸಂಪು ಕಟ್ಟಿಸುವಾಗ

ಮೊದಲು ಜಾಗ. ಸಂಪು ಯಾವಾಗಲೂ ಇಳಿಜಾರಿನ ಮೇಲ್ಭಾಗದಲ್ಲಿರಲಿ. ತಿಪ್ಪೆ, ಗಂಜಲದ ಗುಂಡಿ, ಶೌಚಾಲಯದ ಗುಂಡಿ ಕೆಳಭಾಗದಲ್ಲಿ, ಸಾಧ್ಯವಾದಷ್ಟು ದೂರದಲ್ಲಿರಲಿ. ಸಂಪಿನ ಬಾಯಿ ನೆಲಮಟ್ಟದಿಂದ ಒಂದು ಅಡಿಯಾದರೂ ಮೇಲಿರಲಿ. ಇಲ್ಲದಿದ್ದರೆ ಜಾಯಿಂಟು ಎಷ್ಟು ಗಟ್ಟಿಯಿದ್ದರೂ ಕೊಟ್ಟಿಗೆ ತೊಳೆದ ನೀರು ಮೇಲಿನಿಂದಲೇ ಒಳಗೆ ಹೋಗುತ್ತದೆ.

ನೀರು ಹಿಡಿಯುವ ಕಾಂಕ್ರೀಟ್ ತೊಟ್ಟಿಗಳಿಗೆಂದೇ ಐಎಸ್ 3370 ಎಂಬ ಭಾರತೀಯ ಮಾನಕವಿದೆ. ಸಂಘದ ಕಟ್ಟಡಕ್ಕೋ ದೊಡ್ಡ ಕೊಟ್ಟಿಗೆಗೋ ದೊಡ್ಡ ಸಂಪು ಮಾಡಿಸುವವರು ಅದರಂತೆ ಎಂಜಿನಿಯರರಿಂದ ನಕ್ಷೆ ಮಾಡಿಸಿಕೊಳ್ಳಿ. ಮನೆಮಟ್ಟದ ಸಂಪಿಗೂ ಈ ಮುಂದಿನ ಕ್ರಮಗಳು ಬೇಕೇ ಬೇಕು.

ತಳದೊಡನೆಯೇ ಗೋಡೆಯ ಮೊಳಕೆ: ತಳದ ಕಾಂಕ್ರೀಟ್ ಹಾಕುವ ದಿನವೇ ಸುತ್ತಲೂ ಗೋಡೆಯ ಬುಡವನ್ನು ಆರು ಇಂಚು ಎತ್ತರಕ್ಕೆ ಒಟ್ಟಿಗೇ ಎಬ್ಬಿಸಲು ಹೇಳಿ. ಆಗ ಜಾಯಿಂಟು ಮೂಲೆಯಿಂದ ಆರು ಇಂಚು ಮೇಲಕ್ಕೆ ಹೋಗುತ್ತದೆ. ಮೂಲೆಯಲ್ಲಿ ಕೊಳೆ ನಿಲ್ಲುತ್ತದೆ, ಕಂಬಿಗಳು ಒತ್ತಾಗಿರುತ್ತವೆ, ಕೈ ಆಡುವುದಿಲ್ಲ. ಮೇಲಿದ್ದರೆ ಉಜ್ಜಿ ತೊಳೆಯುವುದು ಸುಲಭ, ಸೆಂಟ್ರಿಂಗ್ ಹಲಗೆಗೂ ಒಳ್ಳೆಯ ಆಸರೆ ಸಿಗುತ್ತದೆ.

ನೀರು ತಡೆಯುವ ಪಟ್ಟಿ: ಜಾಯಿಂಟಿನ ನಡುವೆ ಹಾಕಲು ಪಿವಿಸಿ ವಾಟರ್ ಸ್ಟಾಪ್ ಎಂಬ ಪಟ್ಟಿ ಸಿಗುತ್ತದೆ. ಇದರ ಅರ್ಧ ಭಾಗ ಕೆಳಗಿನ ಕಾಂಕ್ರೀಟಿನಲ್ಲಿ ಹೂತಿರಬೇಕು, ಉಳಿದರ್ಧ ಮೇಲೆ ನಿಂತು ಮರುದಿನದ ಗೋಡೆಯೊಳಗೆ ಸೇರಬೇಕು. ಹೀಗಾದರೆ ಜಾಯಿಂಟು ಬಿಟ್ಟರೂ ನೀರಿಗೆ ಈ ಪಟ್ಟಿ ಅಡ್ಡ ನಿಲ್ಲುತ್ತದೆ. ಪಟ್ಟಿ ಗೋಡೆಯ ದಪ್ಪದ ಸರಿಮಧ್ಯದಲ್ಲಿ ನೆಟ್ಟಗೆ ನಿಲ್ಲುವಂತೆ ಅಂಚನ್ನು ಕಂಬಿಗೆ ಕಟ್ಟಿರಬೇಕು. ನಡುವೆ ಮೊಳೆ ಹೊಡೆಯಬಾರದು. ಎರಡು ತುಂಡು ಸೇರುವಲ್ಲಿ ಒಂದರ ಮೇಲೊಂದು ಇಟ್ಟರೆ ಸಾಲದು, ಕಾಯಿಸಿ ಬೆಸೆಯಬೇಕು. ಬೆಸೆಯದ ಕಡೆ ಪಟ್ಟಿ ಇದ್ದೂ ಇಲ್ಲದಂತೆ.

ಇದರ ಬದಲು ನೀರು ತಾಗಿದರೆ ಉಬ್ಬುವ ಪಟ್ಟಿಯೂ ಸಿಗುತ್ತದೆ. ಗಟ್ಟಿಯಾದ ಕೆಳಗಿನ ಕಾಂಕ್ರೀಟಿನ ಮೇಲೆ ನಡುವೆ ಅಂಟಿಸಿ ಗೋಡೆ ಹಾಕುತ್ತಾರೆ. ಪಟ್ಟಿಯ ಎರಡೂ ಪಕ್ಕ ಎರಡು ಮೂರು ಇಂಚು ಕಾಂಕ್ರೀಟ್ ಇರಲೇಬೇಕು. ತೆಳು ಗೋಡೆಯಾದರೆ ಅದು ಉಬ್ಬಿ ಗೋಡೆಯ ಅಂಚನ್ನೇ ಒಡೆಯಬಹುದು. ಕಾಂಕ್ರೀಟ್ ಹಾಕುವ ಮೊದಲು ಮಳೆಗೆ ನೆನೆದರೆ ಅಲ್ಲೇ ಉಬ್ಬಿಬಿಡುತ್ತದೆ, ಆಮೇಲೆ ಅದರಿಂದ ಉಪಯೋಗವಿಲ್ಲ.

ಕೆನೆ ತೆಗೆಯುವುದು: ಖರ್ಚಿಲ್ಲದ ಕೆಲಸ ಇದೇ, ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಕೆಳಗಿನ ಕಾಂಕ್ರೀಟ್ ಬಿಗಿದು, ಇನ್ನೂ ಪೂರ್ತಿ ಗಟ್ಟಿಯಾಗುವ ಮೊದಲು, ಜಾಯಿಂಟಿನ ಜಾಗವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ನೀರಿನಲ್ಲಿ ತೊಳೆಯಬೇಕು. ಜಲ್ಲಿಯ ತಲೆಗಳು ಕಣ್ಣಿಗೆ ಕಾಣಬೇಕು. ಗಟ್ಟಿಯಾಗಿಬಿಟ್ಟಿದ್ದರೆ ಚಾಣದಲ್ಲಿ ಸಣ್ಣಗೆ ಕೊರೆದು ಒರಟು ಮಾಡಬೇಕು. ಕರಣೆಯಲ್ಲಿ ನುಣ್ಣಗೆ ಸವರಿದ ಜಾಯಿಂಟು ನೋಡಲು ಚೆಂದ, ಹಿಡಿತ ಮಾತ್ರ ಇಲ್ಲ.

ಗೋಡೆ ಹಾಕುವ ದಿನ ಹಲಗೆ ಮುಚ್ಚುವ ಮೊದಲು ಒಮ್ಮೆ ಬಗ್ಗಿ ನೋಡಿ. ಮರದ ಪುಡಿ, ತರಗೆಲೆ, ಮಣ್ಣು, ಕಟ್ಟುವ ತಂತಿಯ ಚೂರು, ಬೀಡಿ ತುಂಡು ಏನೂ ಇರಬಾರದು. ಹಿಂದಿನ ದಿನವೇ ಜಾಯಿಂಟಿಗೆ ನೀರುಣಿಸಿ. ಕಾಂಕ್ರೀಟ್ ಹಾಕುವಾಗ ತೇವ ಇರಲಿ, ನೀರು ನಿಂತಿರಬಾರದು. ಗಟ್ಟಿ ಸಿಮೆಂಟ್ ಹಾಲು ಬಳಿದರೆ ಅದು ಒಣಗುವ ಮೊದಲೇ ಕಾಂಕ್ರೀಟ್ ಬೀಳಬೇಕು. ಬೆಳಿಗ್ಗೆ ಬಳಿದು ಊಟವಾದ ಮೇಲೆ ಗೋಡೆ ಹಾಕಿದರೆ ಆ ಹಾಲೇ ಹೊಸದೊಂದು ಕೆನೆಯಾಗುತ್ತದೆ.

ಮಾಲು ಮತ್ತು ನೀರು: ಮಾಲು ಸಲೀಸಾಗಿ ಇಳಿಯಲಿ ಎಂದು ಕೆಲಸದವರು ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ಹಾಲಿಗೆ ನೀರು ಬೆರೆಸಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೆಚ್ಚಾದ ನೀರು ಆರಿದ ಮೇಲೆ ಅದಿದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. 50 ಕೆ.ಜಿ. ಮೂಟೆ ಸಿಮೆಂಟಿಗೆ ಮರಳಿನ ತೇವವೂ ಸೇರಿ ನೀರು 25 ಲೀಟರ್ ದಾಟದಿರಲಿ. ಮಿಶ್ರಣ ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿಗಿಂತ ಬಡವಾಗಬಾರದು. ಗೋಡೆಯ ಬುಡಕ್ಕೆ ಐದಡಿಗಿಂತ ಎತ್ತರದಿಂದ ಮಾಲು ಸುರಿಸಬೇಡಿ. ಜಲ್ಲಿ ಬೇರೆ, ಗಾರೆ ಬೇರೆಯಾಗಿ ಜಾಯಿಂಟಿನ ಮೇಲೇ ಜೇನುಗೂಡಿನಂತೆ ಪೊಳ್ಳು ಉಳಿಯುತ್ತದೆ. ವೈಬ್ರೇಟರ್ ಬಾಡಿಗೆಗೆ ತರಿಸಿ, ಬುಡದಲ್ಲಿ ಚೆನ್ನಾಗಿ ಆಡಿಸಲಿ.

ಒಂದೇ ಸಲಕ್ಕೆ ಸುತ್ತಲೂ: ಇವತ್ತು ಎರಡು ಗೋಡೆ, ನಾಳೆ ಎರಡು ಗೋಡೆ ಎಂದರೆ ಮೂಲೆಗಳಲ್ಲಿ ಉದ್ದುದ್ದ ಜಾಯಿಂಟು ಬೀಳುತ್ತದೆ. ನಾಲ್ಕೂ ಗೋಡೆ ಒಟ್ಟಿಗೇ, ಸುತ್ತಲೂ ಸಮನಾಗಿ ಏರುತ್ತಾ ಬರಲಿ. ಮಧ್ಯದಲ್ಲಿ ಸಿಮೆಂಟು ಮುಗಿಯಿತೆಂದು ಎರಡು ಗಂಟೆ ನಿಲ್ಲಿಸಿದರೆ ಬಿಸಿಲಿನಲ್ಲಿ ಅಲ್ಲೊಂದು ಬೇಡದ ಜಾಯಿಂಟು ಹುಟ್ಟುತ್ತದೆ. ಸಿಮೆಂಟು, ಜಲ್ಲಿ, ಮರಳು, ಆಳು ಎಲ್ಲ ಬಂದ ಮೇಲೆಯೇ ಶುರು ಮಾಡಿಸಿ.

ಪೈಪುಗಳು: ಗೋಡೆ ಒಡೆದು ಆಮೇಲೆ ಪೈಪು ತೂರಿಸುವುದು ಬೇಡ. ಸುತ್ತ ಕಾಲರ್ ಇರುವ ಪೈಪಿನ ತುಂಡನ್ನು ಕಾಂಕ್ರೀಟ್ ಹಾಕುವಾಗಲೇ ಕೂರಿಸಬೇಕು. ಸೆಂಟ್ರಿಂಗ್ ಬಿಗಿಯಲು ಗೋಡೆಯ ಈ ಕಡೆಯಿಂದ ಆ ಕಡೆಗೆ ಸರಳು ತೂರಿಸಿದ್ದರೆ ಆ ತೂತುಗಳನ್ನೂ ಕುಗ್ಗದ ಗಾರೆಯಿಂದ ಮುಚ್ಚಿಸಿ.

ನೀರುಣಿಸುವುದು: ಸಾಮಾನ್ಯ ಸಿಮೆಂಟಾದರೆ ಕಡಿಮೆಯೆಂದರೂ 7 ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಾದರೆ 10 ದಿನ ಕಾಂಕ್ರೀಟ್ ಒಣಗದಂತೆ ನೋಡಿಕೊಳ್ಳಿ. ಗೋಡೆಗೆ ಒದ್ದೆ ಗೋಣಿಚೀಲ ಇಳಿಬಿಡಿ. ಬಾಣಂತಿ ಹಸುವನ್ನು ನೋಡಿಕೊಂಡಂತೆ ಇದೂ ದಿನಕ್ಕೆ ಮೂರು ನಾಲ್ಕು ಸಲ ನೋಡಬೇಕಾದ ಕೆಲಸ.

ಇಟ್ಟಿಗೆ, ಸೈಜುಗಲ್ಲಿನ ಸಂಪಾದರೆ

ನಮ್ಮ ಹಳ್ಳಿಗಳಲ್ಲಿ ಹೆಚ್ಚಿನ ಸಂಪುಗಳ ತಳ ಮಾತ್ರ ಕಾಂಕ್ರೀಟ್, ಗೋಡೆ ಕಲ್ಲು ಅಥವಾ ಇಟ್ಟಿಗೆಯದು. ಇಲ್ಲಿಯೂ ದುರ್ಬಲ ಜಾಗ ಅದೇ ಬುಡ. ಗೋಡೆ ಕೂರುವ ಜಾಗದ ತಳವನ್ನು ಒರಟು ಮಾಡಿ, ತೊಳೆದು, ಆಮೇಲೆ ಮೊದಲ ವರಸೆ ಇಡಿಸಿ. ವರಸೆಗಳ ಸಂದುಗಳಲ್ಲಿ ಗಾರೆ ಪೂರ್ತಿ ತುಂಬಿರಲಿ. ಒಳಗಿನ ಗಾರೆ ಎರಡು ಪದರಗಳಲ್ಲಿ ಬರಲಿ. ತಳ ಮತ್ತು ಗೋಡೆ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ, ಎರಡು ಮೂರು ಇಂಚಿನ ಗಾರೆ ತುಂಬಿ ಬಾಣಲೆಯ ಒಳಮೈಯಂತೆ ಗುಂಡಗೆ ಮಾಡಿಸಿ. ಗುಂಡಗಿನ ಮೂಲೆ ಬಿರುಕು ಬಿಡುವುದು ಕಡಿಮೆ, ತೊಳೆಯುವುದಕ್ಕೂ ಸುಲಭ.

ಮಣ್ಣು ಮುಚ್ಚುವ ಮೊದಲು ಪರೀಕ್ಷೆ

ಸಂಪಿನ ಸುತ್ತ ಅಗೆದ ಜಾಗಕ್ಕೆ ಮಣ್ಣು ತುಂಬಲು ಎಲ್ಲರಿಗೂ ಅವಸರ. ಸ್ವಲ್ಪ ತಡೆಯಿರಿ. ನೀರುಣಿಸುವ ದಿನಗಳು ಮುಗಿದ ಮೇಲೆ, ಗೋಡೆಗಳು ನೀರಿನ ಭಾರ ತಡೆಯುವಷ್ಟು ಬಲಿತಿವೆಯೇ ಎಂದು ಕಟ್ಟಿದವರನ್ನು ಕೇಳಿ ನಿಧಾನವಾಗಿ ನೀರು ತುಂಬಿಸಿ. ಬರೀ ಇಟ್ಟಿಗೆ, ಕಲ್ಲಿನ ಗೋಡೆಯಾದರೆ ಹೊರಗಿನ ಮಣ್ಣಿನ ಆಸರೆ ಇಲ್ಲದೆ ಪೂರ್ತಿ ತುಂಬಿಸಬೇಡಿ. ಬುಡದ ಜಾಯಿಂಟು ಪರೀಕ್ಷೆಗೆ ಒಂದೆರಡು ಅಡಿ ನೀರು ಸಾಕು.

ಹೊಸ ಕಾಂಕ್ರೀಟ್ ಮೊದಲ ಕೆಲವು ದಿನ ತಾನೇ ಸ್ವಲ್ಪ ನೀರು ಕುಡಿಯುತ್ತದೆ. ಒಂದು ವಾರ ಬಿಟ್ಟು ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಹಾಕಿ. ಒಂದು ಬಕೆಟ್ಟಿಗೂ ನೀರು ತುಂಬಿ, ಗೆರೆ ಹಾಕಿ, ಸಂಪಿನ ಬಾಯಿಯ ಹತ್ತಿರವೇ ನೆರಳಿನಲ್ಲಿಡಿ. ಎರಡು ಮೂರು ದಿನ ಬಿಟ್ಟು ನೋಡಿ. ಎರಡರಲ್ಲೂ ಒಂದೇ ಸಮ ಇಳಿದಿದ್ದರೆ ಅದು ಆವಿಯಾದದ್ದು. ಸಂಪಿನಲ್ಲಿ ಹೆಚ್ಚು ಇಳಿದಿದ್ದರೆ ಸೋರಿಕೆ. ಹೊರಗಿನ ಗೋಡೆಯ ಬುಡದಲ್ಲಿ ಒದ್ದೆ ಎಲ್ಲಿದೆ ಎಂದು ಆಗಲೇ ಕಣ್ಣಿಗೆ ಕಾಣುತ್ತದೆ, ಆಗಲೇ ಸರಿಪಡಿಸಬಹುದು. ಕೂದಲೆಳೆಯಂಥ ಬಿರುಕಿನಲ್ಲಿ ಬರೀ ತೇವ ಕಂಡು, ಬಿಳಿ ಉಪ್ಪಿನಂಥದ್ದು ಕಟ್ಟಿ, ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುವುದೂ ಉಂಟು. ನೀರು ಹರಿಯುವ ಬಿರುಕು ಹಾಗೆ ಮುಚ್ಚುವುದಿಲ್ಲ.

ಹಳೆಯ ಸಂಪು ಸೋರುತ್ತಿದ್ದರೆ

ಮೊದಲು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡಿ. ಬೇಸಿಗೆಯಲ್ಲಿ ಸಂಪು ತುಂಬಿಸಿ, ಬರುವ ನೀರು, ಹೋಗುವ ನೀರು ಎರಡನ್ನೂ ನಿಲ್ಲಿಸಿ, ದಿನಾ ಮಟ್ಟ ಗುರುತಿಸಿ. ನೀರು ಯಾವುದೋ ಒಂದು ಎತ್ತರಕ್ಕೆ ಇಳಿದು ನಿಂತರೆ ಸೋರಿಕೆ ಆ ಎತ್ತರದಲ್ಲಿದೆ. ಅಲ್ಲಿ ಪೈಪು ಇದೆಯೇ, ಗೋಡೆಯ ಜಾಯಿಂಟು ಇದೆಯೇ ನೋಡಿ. ನಿಲ್ಲದೆ ತಳದವರೆಗೂ ಇಳಿದರೆ ಬುಡದ ಜಾಯಿಂಟು ಅಥವಾ ತಳವೇ ಸೋರುತ್ತಿದೆ. ಮೋಟಾರಿನ ಫುಟ್‌ವಾಲ್ವ್ ಹಾಳಾಗಿಲ್ಲ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ದುರಸ್ತಿಗೆ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳೇ ಒಳ್ಳೆಯವು. ಮಳೆಗಾಲದಲ್ಲಿ ಹೊರಗಿನ ನೀರು ಒಳಕ್ಕೆ ಒತ್ತುತ್ತಿರುತ್ತದೆ, ಬಳಿದದ್ದನ್ನೆಲ್ಲ ಹಿಂದಿನಿಂದ ತಳ್ಳಿ ಎಬ್ಬಿಸುತ್ತದೆ. ಅನಿವಾರ್ಯವಾದರೆ ನೀರಿನಲ್ಲೇ ನಿಮಿಷಗಳಲ್ಲಿ ಗಟ್ಟಿಯಾಗುವ ಪುಡಿ ಸಿಗುತ್ತದೆ. ಅದರಿಂದ ತಾತ್ಕಾಲಿಕವಾಗಿ ತಡೆದು ಬೇಸಿಗೆಯಲ್ಲಿ ಪೂರ್ತಿ ಕೆಲಸ ಮಾಡಿಸಿ.

ಕೆಲಸದ ಕ್ರಮ ಹೀಗಿರಲಿ:

• ಸೋರುವ ಜಾಯಿಂಟಿನ ಉದ್ದಕ್ಕೂ, ಎರಡೂ ಕಡೆ ಒಂದಡಿ ಹೆಚ್ಚಾಗಿಯೇ, ಒಂದು ಇಂಚು ಅಗಲ, ಒಂದು ಇಂಚು ಆಳದ ಕಾಲುವೆಯಂತೆ ಚಾಣದಲ್ಲಿ ಕೊರೆಯಬೇಕು.
• ಸಡಿಲವಾದದ್ದನ್ನೆಲ್ಲ ತೆಗೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು ತೇವ ಮಾಡಬೇಕು.
• ಕುಗ್ಗದ ಗಾರೆ ಅಥವಾ ಪಾಲಿಮರ್ ಬೆರೆಸಿದ ಗಾರೆಯನ್ನು ಒತ್ತಿ ತುಂಬಬೇಕು. ಮೂಲೆಯನ್ನು ಗುಂಡಗೆ ಮಾಡಬೇಕು.
• ಅದು ಬಲಿತ ಮೇಲೆ ಕುಡಿಯುವ ನೀರಿನ ತೊಟ್ಟಿಗೆ ಯೋಗ್ಯ ಎಂದು ಡಬ್ಬಿಯ ಮೇಲೆ ಬರೆದಿರುವ ಪಾಲಿಮರ್ ಸಿಮೆಂಟ್ ಲೇಪನವನ್ನು ಎರಡು ಪದರ ಬಳಿಯಬೇಕು. ಮೊದಲ ಪದರ ಅಡ್ಡ, ಎರಡನೆಯದು ಉದ್ದ.
• ಲೇಪನ ಒಣಗಲು ಹೇಳಿದಷ್ಟು ದಿನ ಬಿಟ್ಟು, ಒಂದೆರಡು ಸಲ ನೀರು ತುಂಬಿ ಚೆಲ್ಲಿ, ಆಮೇಲೆ ರಾಸುಗಳಿಗೆ ಕೊಡಿ.

ಕುಡಿಯುವ ನೀರಿನ ಸಂಪಿನ ಒಳಗೆ ಟಾರು ಬಳಿಸಬೇಡಿ. ಬರೀ ಸಿಮೆಂಟ್ ಹಾಲು ಬಳಿದು ಮುಗಿಸಬೇಡಿ. ವಾಟರ್‌ಪ್ರೂಫ್ ದ್ರಾವಣ ಬೆರೆಸಿದ್ದೇವೆ ಎಂದರೆ ಅದು ಕಾಂಕ್ರೀಟಿನ ಮೈಗೆ ನೆರವಾಗುತ್ತದೆ, ಬಿಟ್ಟ ಜಾಯಿಂಟನ್ನು ಅದು ಮುಚ್ಚುವುದಿಲ್ಲ.

ನೀರು ಕೆಟ್ಟಿದೆಯೇ ಎಂಬ ಅನುಮಾನವಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲಜೀವನ್ ಮಿಷನ್‌ನಡಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷೆ ಮಾಡುವ ತರಬೇತಿ ಕೊಡುವ ವ್ಯವಸ್ಥೆಯಿದೆ. ಅವರಲ್ಲಿ ಒಬ್ಬರು ನಿಮ್ಮ ಸಂಘದವರೇ ಇರಬಹುದು. ಆ ಕಿಟ್‌ನ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ನೀರು ಕಪ್ಪಾದರೆ ಮಲದ ಕೊಳೆ ಸೇರಿದೆ ಎಂದು ಅರ್ಥ. ದುರಸ್ತಿಯಾಗುವವರೆಗೆ 1,000 ಲೀಟರ್ ತಿಳಿ ನೀರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರನ್ನು ಒಂದು ಬಕೆಟ್ಟಿನಲ್ಲಿ ಕದಡಿ, ಗಸಿ ಬಿಟ್ಟು ತಿಳಿಯನ್ನು ಮಾತ್ರ ಸಂಪಿಗೆ ಬೆರೆಸಿ, ಒಂದು ಗಂಟೆ ಬಿಟ್ಟು ಬಳಸಬಹುದು. ಇದು ತಾತ್ಕಾಲಿಕ ಉಪಾಯ ಮಾತ್ರ. ಕೊಳೆ ಬರುತ್ತಲೇ ಇದ್ದರೆ ಪುಡಿ ಗೆಲ್ಲುವುದಿಲ್ಲ. ಎಳೆಗರುಗಳಿಗೆ ಅಲ್ಲಿಯವರೆಗೆ ಕಾಯಿಸಿ ಆರಿಸಿದ ನೀರನ್ನೇ ಕೊಡಿ.

ಇಳಿಯುವ ಮೊದಲು ಇದನ್ನು ಓದಿ

ಬಹಳ ದಿನ ಮುಚ್ಚಿದ್ದ ಸಂಪಿಗೆ ಒಮ್ಮೆಲೇ ಯಾರೂ ಇಳಿಯಬಾರದು. ಮುಚ್ಚಳ ತೆಗೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡಿ, ಫ್ಯಾನು ಹಿಡಿಸಿ. ಮೋಟಾರಿನ ಮೇನ್ ಸ್ವಿಚ್ ಆರಿಸಿ. ಇಳಿದವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಕಾಯುತ್ತಿರಲಿ. ಡೀಸೆಲ್, ಪೆಟ್ರೋಲ್ ಪಂಪನ್ನು ಸಂಪಿನ ಒಳಗಿಟ್ಟು ಓಡಿಸಬೇಡಿ, ಅದರ ಹೊಗೆ ಪ್ರಾಣ ತೆಗೆಯುತ್ತದೆ.

ಗಂಜಲದ ಗುಂಡಿ, ಗೋಬರ್ ಗ್ಯಾಸ್ ಗುಂಡಿಗೆ ಮಾತ್ರ ಯಾವ ಕಾರಣಕ್ಕೂ ನೀವಾಗಲಿ ಮನೆಯವರಾಗಲಿ ಇಳಿಯಲೇಬೇಡಿ. ಅಲ್ಲಿ ಹುಟ್ಟುವ ವಿಷಾನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಬಿದ್ದವರನ್ನು ಎತ್ತಲು ಹೋದವರೂ ಅಲ್ಲೇ ಉಳಿದ ಸಾವುಗಳು ಎಷ್ಟೋ ನಡೆದಿವೆ. ಯಾರಾದರೂ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಕರೆ ಮಾಡಿ. ಎಲ್ಲ ಗುಂಡಿಗಳಿಗೂ ಗಟ್ಟಿ ಮುಚ್ಚಳ, ಸಂಪಿಗೆ ಬೀಗ ಇರಲಿ. ಕೊಟ್ಟಿಗೆಯ ಸುತ್ತ ಆಡುವುದು ನಮ್ಮದೇ ಮಕ್ಕಳು.

ಉಳಿದ ಗುಂಡಿಗಳಿಗೂ ಇದೇ ಮಾತು

ಗಂಜಲದ ಗುಂಡಿಯ ಜಾಯಿಂಟು ಬಿಟ್ಟರೆ ಗೊಬ್ಬರದ ಸತ್ವ ಮಣ್ಣುಪಾಲು, ಜೊತೆಗೆ ಪಕ್ಕದ ಸಂಪಿಗೂ ಬಾವಿಗೂ ಕೊಳೆ. ರಸಮೇವಿನ ಗುಂಡಿಯ ಬುಡದಲ್ಲಿ ನೀರು ಒಳಗೆ ಬಂದರೆ ಮೇವು ಬೂಷ್ಟು ಹಿಡಿಯುತ್ತದೆ. ಅಂಥ ಮೇವು ತಿಂದ ರಾಸುಗಳಿಗೆ ಕಾಯಿಲೆ ಬರುವ ಅಪಾಯವಿದೆ. ರಸಮೇವಿನ ಬಸಿ ಹುಳಿಯಾದ್ದರಿಂದ ಅದು ಕಾಂಕ್ರೀಟನ್ನೇ ನಿಧಾನವಾಗಿ ತಿನ್ನುತ್ತದೆ. ಹಾಗಾಗಿ ಪ್ರತಿ ವರ್ಷ ಗುಂಡಿ ಖಾಲಿಯಾದಾಗ ಬುಡದ ಜಾಯಿಂಟನ್ನು ಪರೀಕ್ಷಿಸಿ.

ಮೇಸ್ತ್ರಿಯನ್ನು ಕೇಳಬೇಕಾದ ಆರು ಪ್ರಶ್ನೆಗಳು

ಕಟ್ಟುವ ಕೆಲಸ ಗಂಡಸರ ವಿಷಯ ಎಂದು ದೂರ ನಿಲ್ಲಬೇಡಿ. ಆ ನೀರನ್ನು ದಿನಾ ಸೇದಿ ಕೊಡುವವರು ನೀವು, ಕರು ಮಲಗಿದರೆ ರಾತ್ರಿ ಎಚ್ಚರವಿರುವವರೂ ನೀವೇ. ಈ ಪುಟವನ್ನು ಕತ್ತರಿಸಿ ಇಟ್ಟುಕೊಂಡು ಕಾಂಕ್ರೀಟ್ ಹಾಕುವ ಹಿಂದಿನ ದಿನ ಕೇಳಿ:

1. ಮೇಸ್ತ್ರಿಗಳೇ, ಗೋಡೆಯ ಬುಡ ಆರಿಂಚು ತಳದ ಜೊತೆಗೇ ಬರುತ್ತದೆಯೇ?
2. ಜಾಯಿಂಟಿಗೆ ಯಾವ ಪಟ್ಟಿ ಹಾಕುತ್ತೀರಿ? ಸೇರುವ ಕಡೆ ಬೆಸೆಯುತ್ತೀರಾ?
3. ಕೆನೆ ಯಾವಾಗ ಉಜ್ಜಿ ತೆಗೆಯುತ್ತೀರಿ? ನಾನು ನೋಡಬೇಕು.
4. ನಾಲ್ಕೂ ಗೋಡೆಗೆ ಸಾಕಾಗುವಷ್ಟು ಸಾಮಾನು, ಆಳು ನಾಳೆ ಇರುತ್ತದೆಯೇ?
5. ಪೈಪು ಈಗಲೇ ಕೂರಿಸುತ್ತೀರಾ, ಆಮೇಲೆ ಒಡೆಯುತ್ತೀರಾ?
6. ಮಣ್ಣು ಮುಚ್ಚುವ ಮೊದಲು ನೀರು ನಿಲ್ಲಿಸಿ ತೋರಿಸುತ್ತೀರಾ?

ಒಳ್ಳೆಯ ಮೇಸ್ತ್ರಿ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲು ಹೇಳಿದ ಆ ಸದಸ್ಯೆ ಮಳೆಗಾಲ ಮುಗಿಯುವವರೆಗೆ ಕರುಗಳಿಗೆ ಬೋರ್‌ವೆಲ್ಲಿನಿಂದ ನೇರವಾಗಿ ಹಿಡಿದ ನೀರನ್ನು ಕಾಯಿಸಿ ಆರಿಸಿ ಕೊಟ್ಟರು. ಮಾರ್ಚಿನಲ್ಲಿ ಸಂಪು ಖಾಲಿ ಮಾಡಿಸಿ, ಜಾಯಿಂಟು ಕೊರೆಸಿ, ತುಂಬಿಸಿ, ಲೇಪನ ಹಾಕಿಸಿದರು. ಗಂಜಲದ ಗುಂಡಿಯನ್ನು ಕೆಳಗಿನ ಹಿತ್ತಿಲಿಗೆ ಸರಿಸಿದರು. ಈ ವರ್ಷ ಮಳೆ ಹಿಡಿದ ಮೇಲೆ ಆ ಮನೆಗೆ ನಾನು ಹೋದದ್ದು ಒಂದೇ ಸಲ, ಅದೂ ಹಸುವಿನ ಗರ್ಭ ಪರೀಕ್ಷೆಗೆ. ಹೊರಡುವಾಗ ಅವರು ಸಂಪಿನ ಮುಚ್ಚಳ ತೆಗೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ್ದ ಗೆರೆ ತೋರಿಸಿದರು. ನೀರು ಗೆರೆಯಲ್ಲೇ ನಿಂತಿತ್ತು.

ನಿಮ್ಮ ಸಂಪಿನಲ್ಲೂ ಈ ವಾರ ಒಂದು ಗೆರೆ ಹಾಕಿ ನೋಡಿ. ಅನುಮಾನ ಬಂದರೆ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ, ಅಥವಾ ನಾನು ನಿಮ್ಮ ಊರಿಗೆ ಬಂದಾಗ ಕೇಳಿ. ಕರುವನ್ನೂ ನೋಡೋಣ, ಸಂಪನ್ನೂ ನೋಡೋಣ.

– ಪಶುವೈದ್ಯಾಧಿಕಾರಿ